ಅಮೆರಿಕದ ಸರ್ಕಾರಿ ಹುಲ್ಲುಗಾವಲಲ್ಲಿ ರೇಂಜ್ ಟೆಕ್ನೀಷಿಯನ್ ಆಗುವುದು ಹೇಗೆ?

ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಕಾರಿನಲ್ಲಿ ಹೋದವರಿಗೆ ಗೊತ್ತು. ಗಂಟೆಗಟ್ಟಲೆ ಬೂದುಬಣ್ಣದ ಪೊದೆ, ಒಣಹುಲ್ಲು, ದೂರದಲ್ಲೊಂದು ಬೇಲಿ. ಖಾಲಿ ಜಾಗ ಅಂದುಕೊಂಡು ಮುಂದೆ ಹೋಗುತ್ತೇವೆ. ಆದರೆ ಅದರಲ್ಲಿ ಬಹಳಷ್ಟು ಕೇಂದ್ರ ಸರ್ಕಾರದ ನೆಲ. ನೆವಾಡಾ ರಾಜ್ಯದಲ್ಲಂತೂ ನೂರಕ್ಕೆ 80ರಷ್ಟು ನೆಲ ಕೇಂದ್ರದ್ದೇ. ಇದರ ದೊಡ್ಡ ಪಾಲು ನೋಡಿಕೊಳ್ಳುವ ಇಲಾಖೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್. ಎಲ್ಲರೂ ಬಿಎಲ್‌ಎಂ ಅನ್ನುತ್ತಾರೆ. ಅದರ ಕೈಯಲ್ಲಿರುವುದು ಸುಮಾರು 24.5 ಕೋಟಿ ಎಕರೆ. ಅದರಲ್ಲಿ 15.5 ಕೋಟಿ ಎಕರೆಯಷ್ಟರಲ್ಲಿ ದನ, ಕುರಿ ಮೇಯಿಸಲು ಪಶುಪಾಲಕರಾದ ರ‍್ಯಾಂಚರ್‌ಗಳಿಗೆ ಪರ್ಮಿಟ್ ಕೊಡುತ್ತಾರೆ. ಫಾರೆಸ್ಟ್ ಸರ್ವೀಸ್‌ನ 19.3 ಕೋಟಿ ಎಕರೆ ಬೇರೆ. ಅಲ್ಲೂ ಬೇಸಿಗೆಯಲ್ಲಿ ದನ ಮೇಯುತ್ತವೆ.

ಈ ವರ್ಷ ಹುಲ್ಲು ಎಷ್ಟು ಬಂತು, ದನ ಎಷ್ಟು ತಿಂದವು, ಎಷ್ಟು ಉಳಿಯಿತು, ನೆಲ ಸುಧಾರಿಸುತ್ತಿದೆಯೋ ಹಾಳಾಗುತ್ತಿದೆಯೋ ಎಂಬುದನ್ನು ಯಾರಾದರೂ ಹೋಗಿ ಅಳೆಯಬೇಕಲ್ವಾ? ಆ ಕೆಲಸ ರೇಂಜ್ ಟೆಕ್ನೀಷಿಯನ್‌ನದು. ರೇಂಜ್ ಅಂದರೆ ಇಂಥ ಮೇವಿನ ಬಯಲು. ಅಮೆರಿಕದಲ್ಲೇ ಬೆಳೆದು ಹೊರಗಡೆ ಕೆಲಸ ಬೇಕು ಅನ್ನುವ ಕನ್ನಡದ ಮನೆಗಳ ಹುಡುಗ ಹುಡುಗಿಯರು, ಧಾರವಾಡದಲ್ಲೋ ಬೆಂಗಳೂರಿನ ಜಿಕೆವಿಕೆಯಲ್ಲೋ ಕೃಷಿ ಪದವಿ ಮುಗಿಸಿ ಅಲ್ಲಿಗೆ ಓದಲು ಹೋಗುವವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ವ್ಯವಸ್ಥೆ ಅರ್ಥ ಮಾಡಿಕೊಳ್ಳಿ

ನಮ್ಮ ಗೋಮಾಳ ಗೊತ್ತಿದ್ದರೆ ಅರ್ಧ ಅರ್ಥವಾದ ಹಾಗೆ. ಸರ್ಕಾರದ ನೆಲ, ಜನರ ದನ. ಆದರೆ ಅಳತೆಯೇ ಬೇರೆ. ನಮ್ಮ ಭೂಕಂದಾಯ ನಿಯಮದಲ್ಲಿ ನೂರು ದನಕ್ಕೆ 30 ಎಕರೆ ಗೋಮಾಳದ ಲೆಕ್ಕ. ನೆವಾಡಾದ ಒಣನೆಲದಲ್ಲಿ ಒಂದು ಹಸುವಿಗೆ ಒಂದು ತಿಂಗಳಿಗೇ ಹತ್ತಾರು ಎಕರೆ ಬೇಕಾಗಬಹುದು.

1934ಕ್ಕೆ ಮುಂಚೆ ಅಲ್ಲಿ ಹೇಳುವವರು ಕೇಳುವವರು ಇರಲಿಲ್ಲ. ಯಾರು ಮೊದಲು ದನ ಹೊಡೆದುಕೊಂಡು ಬಂದರೋ ಹುಲ್ಲು ಅವರದು. ನೆಲ ಸವೆದು ಹೋಯಿತು. ಆ ವರ್ಷ ಟೇಲರ್ ಗ್ರೇಜಿಂಗ್ ಕಾಯ್ದೆ ಬಂತು. ಬಯಲನ್ನು ಭಾಗ ಮಾಡಿ, ಪರ್ಮಿಟ್ ಕೊಟ್ಟು, ಶುಲ್ಕ ಹಾಕಿದರು. ಇದಕ್ಕೆಂದೇ ಇದ್ದ ಗ್ರೇಜಿಂಗ್ ಸರ್ವೀಸನ್ನು 1946ರಲ್ಲಿ ಜನರಲ್ ಲ್ಯಾಂಡ್ ಆಫೀಸ್ ಜೊತೆ ಸೇರಿಸಿ ಬಿಎಲ್‌ಎಂ ಮಾಡಿದರು. ಈ ನೆಲ ದನಕ್ಕೆ ಮಾತ್ರವಲ್ಲ, ಕಾಡುಪ್ರಾಣಿಗೆ, ಗಣಿಗೆ, ತಿರುಗಾಟಕ್ಕೆ ಎಲ್ಲಕ್ಕೂ ಸೇರಿದ್ದು ಎಂದು 1976ರ ಕಾಯ್ದೆ ಗಟ್ಟಿ ಮಾಡಿತು. ಇವತ್ತಿನ ಜಗಳಗಳ ಬೇರು ಇರುವುದು ಇಲ್ಲೇ.

ಮೊದಲ ದಿನದಿಂದಲೇ ಕಿವಿಗೆ ಬೀಳುವ ಮಾತುಗಳು ಕೆಲವಿವೆ. ಒಬ್ಬ ಅಥವಾ ಕೆಲವು ರ‍್ಯಾಂಚರ್‌ಗಳಿಗೆ ಗೊತ್ತು ಮಾಡಿದ ಮೇವಿನ ಪ್ರದೇಶಕ್ಕೆ ಅಲಾಟ್‌ಮೆಂಟ್ ಅನ್ನುತ್ತಾರೆ. ಅದರೊಳಗೆ ಬೇಲಿ ಹಾಕಿ ಮಾಡಿದ ಭಾಗ ಪಾಸ್ಚರ್. ವರ್ಷದಲ್ಲಿ ದನ ಒಳಗೆ ಬಿಡುವ ದಿನ ಟರ್ನ್‌ಔಟ್. ಪರ್ಮಿಟ್ ಸಾಮಾನ್ಯವಾಗಿ 10 ವರ್ಷದ್ದು. ಅದು ಬೇಕೆಂದರೆ ರ‍್ಯಾಂಚರ್ ಕೈಯಲ್ಲಿ ಸ್ವಂತ ಜಮೀನೋ ನೀರಿನ ಹಕ್ಕೋ ಇರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಎಯುಎಂ, ಅಂದರೆ ಅನಿಮಲ್ ಯೂನಿಟ್ ಮಂತ್. ಒಂದು ಹಸು ಮತ್ತು ಕರು, ಇಲ್ಲವೇ ಒಂದು ಕುದುರೆ, ಇಲ್ಲವೇ ಐದು ಕುರಿ ಅಥವಾ ಮೇಕೆ ಒಂದು ತಿಂಗಳು ತಿನ್ನುವಷ್ಟು ಮೇವು ಒಂದು ಎಯುಎಂ. ಪರ್ಮಿಟ್, ಬಿಲ್, ಕಡಿತ ಎಲ್ಲವೂ ಇದೇ ಲೆಕ್ಕದಲ್ಲಿ. ಒಂದು ಎಯುಎಂ ಶುಲ್ಕ 1986ರ ಆದೇಶದಂತೆ 1.35 ಡಾಲರ್‌ಗಿಂತ ಕೆಳಗೆ ಇಳಿಯುವಂತಿಲ್ಲ. 2025ರಲ್ಲೂ ಅಷ್ಟೇ ಇತ್ತು. ಖಾಸಗಿ ಜಮೀನಿನ ಬಾಡಿಗೆಗೆ ಹೋಲಿಸಿದರೆ ಇದು ಏನೇನೂ ಅಲ್ಲ. ಸರ್ಕಾರ ಪುಕ್ಕಟೆ ಮೇವು ಕೊಡುತ್ತಿದೆ ಎಂದು ಒಂದು ಕಡೆಯವರು ಬೈಯುತ್ತಾರೆ. ಬೇಲಿ, ನೀರು, ಕಾವಲು ಎಲ್ಲ ನಮ್ಮ ಖರ್ಚು ಎಂದು ರ‍್ಯಾಂಚರ್‌ಗಳು ಹೇಳುತ್ತಾರೆ. ಎರಡರಲ್ಲೂ ಹುರುಳಿದೆ. ಟೆಕ್ನೀಷಿಯನ್ ಆದವರು ಈ ವಾದದಲ್ಲಿ ಬಾಯಿ ಹಾಕದಿರುವುದೇ ಒಳ್ಳೆಯದು.

ಕೆಲಸ ಹುಡುಕುವುದು

ಕೇಂದ್ರ ಸರ್ಕಾರದ ಕೆಲಸಗಳ ಪ್ರಕಟಣೆ ಬರುವುದು ಯುಎಸ್‌ಎ ಜಾಬ್ಸ್ ಜಾಲತಾಣದಲ್ಲಿ. ಅಲ್ಲಿ ಸಂಖ್ಯೆ ಹಾಕಿ ಹುಡುಕಿ. 0455 ಅಂದರೆ ರೇಂಜ್ ಟೆಕ್ನೀಷಿಯನ್. 0454 ಅಂದರೆ ರೇಂಜ್‌ಲ್ಯಾಂಡ್ ಮ್ಯಾನೇಜ್‌ಮೆಂಟ್ ಸ್ಪೆಷಲಿಸ್ಟ್, ಅಂದರೆ ಮುಂದೆ ನಿಮಗೆ ಮೇಲಧಿಕಾರಿ ಆಗುವವರ ಹುದ್ದೆ. ಇಲ್ಲೊಂದು ತಮಾಷೆಯ ಗೊಂದಲ ಇದೆ. ಬಹಳ ಕಾಲ ಕಾಳ್ಗಿಚ್ಚು ಆರಿಸುವವರನ್ನೂ ಇದೇ 0455ರ ಹೆಸರಿನಲ್ಲಿ ನೇಮಿಸುತ್ತಿದ್ದರು. 2022ರಲ್ಲಿ ಅವರಿಗೆ 0456 ಎಂಬ ಪ್ರತ್ಯೇಕ ಸಂಖ್ಯೆ ಬಂತು. ಹಳೆಯ ಲೇಖನ, ವಿಡಿಯೊ ನೋಡಿ ರೇಂಜ್ ಟೆಕ್ನೀಷಿಯನ್ ಅಂದರೆ ಬೆಂಕಿ ಆರಿಸುವ ಕೆಲಸ ಅಂದುಕೊಳ್ಳಬೇಡಿ. ಪ್ರಕಟಣೆಯ ಹೆಸರು ನೋಡಿ ಸುಮ್ಮನಾಗದೆ ಕರ್ತವ್ಯದ ಪಟ್ಟಿಯನ್ನು ಪೂರ್ತಿ ಓದಿ.

ಅರ್ಹತೆ ಕಷ್ಟದ್ದೇನಲ್ಲ. ಕೇಂದ್ರದ ನೌಕರರ ಸಂಬಳದ ದರ್ಜೆಗಳಿಗೆ ಜಿಎಸ್ ಅನ್ನುತ್ತಾರೆ. ಜಿಎಸ್-4 ದರ್ಜೆಗೆ ಸಂಬಂಧಪಟ್ಟ ವಿಷಯಗಳಿದ್ದ ಎರಡು ವರ್ಷದ ಕಾಲೇಜು ಓದು, ಇಲ್ಲವೇ ಒಂದು ವರ್ಷದ ಅನುಭವ ಸಾಕು. ಆ ವರ್ಷದಲ್ಲಿ ಆರು ತಿಂಗಳಾದರೂ ಇದೇ ಬಗೆಯ ಕೆಲಸ ಮಾಡಿರಬೇಕು. ಜಿಎಸ್-5ಕ್ಕೆ ಪದವಿ ಅಥವಾ ಕೆಳದರ್ಜೆಯಲ್ಲಿ ಒಂದು ವರ್ಷ. ಭಾರತದ ಪದವಿಯಾದರೆ ಅಮೆರಿಕದ ಮಾನ್ಯತೆ ಪಡೆದ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿ ಲಗತ್ತಿಸಬೇಕು. ಅದಿಲ್ಲದೆ ನಿಮ್ಮ ಅಂಕಪಟ್ಟಿ ಅವರ ಲೆಕ್ಕಕ್ಕೇ ಬರುವುದಿಲ್ಲ.

ಪೌರತ್ವ ಇಲ್ಲಿ ದೊಡ್ಡ ಗೋಡೆ. ಈ ಹುದ್ದೆಗಳಿಗೆ ಅಮೆರಿಕದ ಪೌರತ್ವ ಬೇಕು. ಗ್ರೀನ್ ಕಾರ್ಡ್ ಸಾಲದು, ಎಚ್-1ಬಿ ಅಂತೂ ನಡೆಯುವುದೇ ಇಲ್ಲ. ಹಾಗಂತ ದಾರಿ ಮುಚ್ಚಿಲ್ಲ. ಬಿಎಲ್‌ಎಂ ತನ್ನ ಅಳತೆಯ ಕೆಲಸದಲ್ಲಿ ಸಾಕಷ್ಟನ್ನು ವಿಶ್ವವಿದ್ಯಾಲಯಗಳಿಗೂ ಲಾಭರಹಿತ ಸಂಸ್ಥೆಗಳಿಗೂ ವಹಿಸಿಕೊಡುತ್ತದೆ. ಗ್ರೇಟ್ ಬೇಸಿನ್ ಇನ್‌ಸ್ಟಿಟ್ಯೂಟ್, ಶಿಕಾಗೋ ಬೊಟಾನಿಕ್ ಗಾರ್ಡನ್‌ನಂಥವು ಹೊಸಬರನ್ನು ಇಂಥ ತಂಡಗಳಿಗೆ ಸೇರಿಸಿಕೊಂಡಿವೆ. ಕೇಂದ್ರದ ಸೇವಾ ಯೋಜನೆಯಾದ ಅಮೆರಿಕಾರ್ಪ್ಸ್‌ನ ಹುದ್ದೆಗಳಿಗೆ ಗ್ರೀನ್ ಕಾರ್ಡ್ ಇದ್ದವರೂ ಅರ್ಜಿ ಹಾಕಬಹುದು. ವಿದ್ಯಾರ್ಥಿ ವೀಸಾದಲ್ಲಿ ಯೂಟಾ ಸ್ಟೇಟ್, ಐಡಹೋ, ನ್ಯೂ ಮೆಕ್ಸಿಕೋ ಸ್ಟೇಟ್, ಕೊಲರಾಡೋ ಸ್ಟೇಟ್‌ನಂಥ ಕಡೆ ರೇಂಜ್ ವಿಷಯ ಓದುವವರು ಪ್ರೊಫೆಸರ್‌ಗಳ ಬೇಸಿಗೆ ತಂಡದಲ್ಲಿ ಇದೇ ಕೆಲಸ ಮಾಡಬಹುದು. ವೀಸಾ ನಿಯಮವನ್ನು ಮಾತ್ರ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲೇ ಕೇಳಿ, ಸ್ನೇಹಿತರನ್ನಲ್ಲ.

ಬೇಸಿಗೆಯ ಹುದ್ದೆಗೆ ಅರ್ಜಿ ಕರೆಯುವುದು ಹಿಂದಿನ ಶರತ್ಕಾಲದಲ್ಲೋ ಚಳಿಗಾಲದಲ್ಲೋ. ಮೇ ತಿಂಗಳಲ್ಲಿ ಎದ್ದು ಹುಡುಕಿದರೆ ಬಸ್ ಹೋಗಿರುತ್ತದೆ. ರೆಸ್ಯೂಮೆಯಲ್ಲಿ ಪ್ರತಿ ಕೆಲಸದ ತಿಂಗಳು, ವರ್ಷ, ವಾರಕ್ಕೆ ಎಷ್ಟು ಗಂಟೆ ಎಂಬುದು ಇರಲೇಬೇಕು. ಗಂಟೆ ಬರೆಯದಿದ್ದರೆ ಅನುಭವ ಲೆಕ್ಕಕ್ಕೆ ಸಿಗದೇ ಅರ್ಜಿ ಅಲ್ಲೇ ಬಿದ್ದುಹೋಗಬಹುದು. ಪ್ರಕಟಣೆಯಲ್ಲಿ ಕೇಳಿದ ಪ್ರತಿ ಕೌಶಲಕ್ಕೂ ನಿಮ್ಮ ರೆಸ್ಯೂಮೆಯಲ್ಲಿ ಒಂದು ಸಾಲು ಸಿಗಬೇಕು. "ಗಿಡ ಗುರುತಿಸಬಲ್ಲೆ" ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. ಯಾವ ಪ್ರದೇಶದ ಗಿಡ, ಯಾವ ವಿಧಾನದಲ್ಲಿ ಅಳೆದಿರಿ, ದತ್ತಾಂಶ ಎಲ್ಲಿ ತುಂಬಿದಿರಿ ಎಂದು ಬರೆಯಿರಿ.

ಬೇಸಿಗೆಯ ತಾತ್ಕಾಲಿಕ ಹುದ್ದೆಗಳನ್ನು ಒಳಗಿನವರು "ಟೆನ್ ಥರ್ಟಿ ನೈನ್" ಎಂದು ಕರೆಯುತ್ತಾರೆ. ವರ್ಷಕ್ಕೆ 1,039 ಗಂಟೆ ದಾಟುವಂತಿಲ್ಲ, ಅದಕ್ಕೆ ಆ ಹೆಸರು. ಆರು ತಿಂಗಳು ಕೆಲಸ, ಆಮೇಲೆ ನಿಮ್ಮ ಪಾಡು ನಿಮಗೆ. ಜಿಎಸ್-5ಕ್ಕೆ ಗಂಟೆಗೆ 20 ಡಾಲರ್ ಸುತ್ತಮುತ್ತ ಸಂಬಳ. ಊರು ಚಿಕ್ಕದಾದರೆ ಬಾಡಿಗೆ ಮನೆಯೇ ಸಿಗುವುದಿಲ್ಲ. ಇಲಾಖೆಯ ಬಂಕ್‌ಹೌಸ್ (ಕೆಲಸದವರು ಒಟ್ಟಿಗೆ ಇರುವ ವಸತಿ) ಇದೆಯಾ ಎಂದು ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ಕೇಳಿ. ಇನ್ನೊಂದು ಮಾತನ್ನು ಮುಚ್ಚಿಡುವಂತಿಲ್ಲ. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ನೇಮಕಾತಿ ನಿಲ್ಲಿಸಿತು. ಮರು ತಿಂಗಳೇ ಪ್ರೊಬೇಷನ್‌ನಲ್ಲಿದ್ದ ಸಾವಿರಾರು ಜನರನ್ನು ತೆಗೆಯಿತು. ಇದು ಸರ್ಕಾರಿ ಕೆಲಸ, ಭದ್ರ ಎಂದು ಅಪ್ಪ ಅಮ್ಮನಿಗೆ ಮಾತು ಕೊಡಬೇಡಿ. ರಾಜ್ಯ ಸರ್ಕಾರದ ಇಲಾಖೆ, ವಿಶ್ವವಿದ್ಯಾಲಯ, ಖಾಸಗಿ ಪರಿಸರ ಸಂಸ್ಥೆಗಳ ಕಡೆಗೂ ಅರ್ಜಿ ಹಾಕಿಡಿ.

ಹೋಗುವ ಮುಂಚೆ ಗಿಡ ಕಲಿಯಿರಿ

ಗಾಡಿ ಓಡಿಸುವುದು, ಟೇಪ್ ಎಳೆಯುವುದು ವಾರದಲ್ಲಿ ಬರುತ್ತದೆ. ಗಿಡ ಬರುವುದಿಲ್ಲ. ಹೊಸಬರು ಬೇಸಿಗೆ ಪೂರ್ತಿ ಒದ್ದಾಡುವುದು ಇದರಲ್ಲೇ.

ನೀವು ಹೋಗುವ ಪ್ರದೇಶದಲ್ಲಿ ಅತಿ ಹೆಚ್ಚು ಸಿಗುವ ಮೂವತ್ತು ಗಿಡಗಳ ಪಟ್ಟಿಯನ್ನು ಕಚೇರಿಯಿಂದಲೇ ತರಿಸಿಕೊಳ್ಳಿ. ನೆವಾಡಾ ಸುತ್ತಲಿನ ಒಣ ಪ್ರದೇಶವಾದ ಗ್ರೇಟ್ ಬೇಸಿನ್ ಕಡೆಯಾದರೆ ಬಿಗ್ ಸೇಜ್‌ಬ್ರಷ್ ಎಂಬ ಪೊದೆ, ಬ್ಲೂಬಂಚ್ ವೀಟ್‌ಗ್ರಾಸ್, ಸ್ಯಾಂಡ್‌ಬರ್ಗ್ ಬ್ಲೂಗ್ರಾಸ್, ಇಂಡಿಯನ್ ರೈಸ್‌ಗ್ರಾಸ್ ಎಂಬ ಹುಲ್ಲುಗಳು ಇದ್ದೇ ಇರುತ್ತವೆ. ವೈಜ್ಞಾನಿಕ ಹೆಸರಿನಲ್ಲೇ ಕಲಿಯಿರಿ. ಯಾಕೆಂದರೆ ಫಾರ್ಮ್‌ನಲ್ಲಿ ತುಂಬುವುದು ಆ ಹೆಸರಿನಿಂದ ಮಾಡಿದ ಸಂಕೇತ. ಕುಲದ ಮೊದಲ ಎರಡು ಅಕ್ಷರ, ಜಾತಿಯ ಮೊದಲ ಎರಡು ಅಕ್ಷರ. ಬ್ರೋಮಸ್ ಟೆಕ್ಟೋರಮ್ ಅಂದರೆ ಬಿಆರ್‌ಟಿಇ. ಪೋವಾ ಸೆಕುಂಡಾ ಅಂದರೆ ಪಿಒಎಸ್‌ಇ. ಒಂದೇ ಸಂಕೇತ ಎರಡು ಗಿಡಕ್ಕೆ ಬಂದಾಗ ಕೊನೆಗೊಂದು ಅಂಕಿ ಸೇರಿಸುತ್ತಾರೆ. ಬ್ಲೂಬಂಚ್‌ಗೆ ಪಿಎಸ್‌ಎಸ್‌ಪಿ6. ಆ 6 ಬಿಟ್ಟರೆ ಅದು ಬೇರೆ ಯಾವುದೋ ಗಿಡವಾಗಿಬಿಡುತ್ತದೆ.

ಹೂವಿದ್ದಾಗ ಯಾರು ಬೇಕಾದರೂ ಗುರುತಿಸುತ್ತಾರೆ. ನಿಮಗೆ ಆಗಸ್ಟಿನಲ್ಲಿ, ದನ ತಿಂದು ಬಿಟ್ಟ ಎರಡು ಇಂಚಿನ ಒಣ ಬುಡ ನೋಡಿ ಹೇಳಲು ಬರಬೇಕು. ಎಲೆ ಕಾಂಡವನ್ನು ಸೇರುವ ಕಡೆ ಇರುವ ಸಣ್ಣ ಪೊರೆ, ಕಿವಿಯಂಥ ಚಾಚು, ಎಲೆಯ ತುದಿಯ ಆಕಾರ, ಕೂದಲು ಇದೆಯೋ ಇಲ್ಲವೋ ಇವನ್ನು ನೋಡುವ ಅಭ್ಯಾಸ ಮಾಡಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈ ಮಸೂರವನ್ನು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳಿ. ಗೊತ್ತಾಗದ ಗಿಡಕ್ಕೆ "ಗೊತ್ತಿಲ್ಲದ ಹುಲ್ಲು 1" ಎಂದು ಬರೆದು, ಮಾದರಿ ಒತ್ತಿಟ್ಟುಕೊಂಡು ಸಂಜೆ ಹಿರಿಯರನ್ನು ಕೇಳಿ. ಊಹಿಸಿ ಒಂದು ಹೆಸರು ಬರೆಯುವುದಕ್ಕಿಂತ ಅದು ಸಾವಿರ ಪಾಲು ಮೇಲು. ತಪ್ಪು ಹೆಸರು ಒಮ್ಮೆ ಡೇಟಾಬೇಸ್ ಸೇರಿದರೆ ಅದನ್ನು ಹಿಡಿಯುವವರು ಯಾರೂ ಇಲ್ಲ.

ಬಿಆರ್‌ಟಿಇ ಅಂದೆನಲ್ಲ, ಅದು ಚೀಟ್‌ಗ್ರಾಸ್. ಅದನ್ನು ಮಾತ್ರ ನಿದ್ದೆಯಲ್ಲೂ ಗುರುತಿಸಬೇಕು. ಯುರೋಪ್-ಏಷ್ಯಾ ಕಡೆಯಿಂದ 19ನೇ ಶತಮಾನದಲ್ಲಿ ಬಂದ ಹುಲ್ಲು. ಶರತ್ಕಾಲದಲ್ಲೇ ಮೊಳೆತು, ಚಳಿಗಾಲದಲ್ಲೇ ಬೇರು ಬಿಟ್ಟು, ವಸಂತದ ನೀರನ್ನೆಲ್ಲ ಬೇರೆ ಹುಲ್ಲಿಗಿಂತ ಮೊದಲೇ ಕುಡಿದುಬಿಡುತ್ತದೆ. ಬೇಸಿಗೆ ಶುರುವಾಗುತ್ತಿದ್ದಂತೆ ನೇರಳೆ ಬಣ್ಣಕ್ಕೆ ತಿರುಗಿ ಒಣಗುತ್ತದೆ. ಆಮೇಲೆ ಒಂದು ಕಿಡಿ ಸಾಕು. ಸೇಜ್‌ಬ್ರಷ್ ಸುಟ್ಟರೆ ಮತ್ತೆ ಬರಲು ದಶಕಗಳು ಬೇಕು. ಚೀಟ್‌ಗ್ರಾಸ್‌ಗೆ ಮುಂದಿನ ಮಳೆ ಸಾಕು. ಸುಟ್ಟಷ್ಟೂ ಅದೇ ಬೆಳೆಯುತ್ತದೆ, ಬೆಳೆದಷ್ಟೂ ಸುಡುತ್ತದೆ. ನೀವು ಅಳೆಯುವ ಪ್ಲಾಟ್‌ಗಳಲ್ಲಿ (ಅಳತೆಗೆಂದು ಗೊತ್ತು ಮಾಡಿದ ತುಂಡು ನೆಲದಲ್ಲಿ) ಕಚೇರಿಯವರು ಮೊದಲು ನೋಡುವುದು ಚೀಟ್‌ಗ್ರಾಸ್ ಎಷ್ಟಿದೆ ಎಂಬ ಈ ಒಂದು ಅಂಕಿಯನ್ನೇ.

ಗಾಡಿ, ನೀರು, ರೇಡಿಯೊ

ಮೊಬೈಲ್ ಸಿಗ್ನಲ್ ಇರುವುದಿಲ್ಲ, ಹತ್ತಿರದ ಮನೆ ನಲವತ್ತು ಮೈಲಿ ದೂರ ಇರಬಹುದು. ಆದ್ದರಿಂದ ಎರಡು ಸ್ಟೆಪ್ನಿ, ಜ್ಯಾಕ್, ಸಲಿಕೆ, ಎಳೆಯುವ ಹಗ್ಗ, ಬೆಂಕಿ ಆರಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಬ್ಬೊಬ್ಬರಿಗೂ ದಿನಕ್ಕೆ ಬೇಕಾದ್ದರ ಎರಡರಷ್ಟು ನೀರು. ಹೊರಡುವಾಗ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಕಚೇರಿಯ ಬೋರ್ಡಿನಲ್ಲಿ ಬರೆಯಿರಿ. ಸಂಜೆ ರೇಡಿಯೊದಲ್ಲೋ ಉಪಗ್ರಹದ ಮೆಸೇಜ್ ಸಾಧನದಲ್ಲೋ ತಲುಪಿದೆವು ಎಂದು ಹೇಳಿ. ಹೇಳದಿದ್ದರೆ ಹುಡುಕಲು ಜನ ಹೊರಡುತ್ತಾರೆ.

ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ಸೈಲೆನ್ಸರ್ ಬಿಸಿಗೆ ಹುಲ್ಲು ಹೊತ್ತಿಕೊಳ್ಳುತ್ತದೆ. ಗುಡುಗು ಕೇಳಿದರೆ ದಿಣ್ಣೆ ಇಳಿಯಿರಿ, ಬೇಲಿಯಿಂದ ದೂರ ಇರಿ. ಕಲ್ಲು ಎತ್ತುವಾಗ ಕೆಳಗೆ ರ‍್ಯಾಟಲ್ ಹಾವು ಇರಬಹುದು. ಹಳೆಯ ಗುಡಿಸಲು, ಶೆಡ್ ಗುಡಿಸುವ ಕೆಲಸ ಬಂದರೆ ಒಣ ಪೊರಕೆ ಹಿಡಿಯಬೇಡಿ. ಅಲ್ಲಿನ ಇಲಿಗಳ ಹಿಕ್ಕೆಯ ಧೂಳಿನಿಂದ ಹಂಟಾವೈರಸ್ ಬರುತ್ತದೆ, ಜೀವಕ್ಕೇ ಅಪಾಯ. ಮೊದಲು ಬ್ಲೀಚ್ ನೀರು ಚಿಮುಕಿಸಿ, ನೆನೆದ ಮೇಲೆ ಒರೆಸಿ ತೆಗೆಯಿರಿ. ಬಾಣದ ಮೊನೆಯಂಥ ಹಳೆಯ ಕಲ್ಲು ಸಿಕ್ಕರೆ ಜೇಬಿಗೆ ಹಾಕಬೇಡಿ. ಸರ್ಕಾರಿ ನೆಲದಿಂದ ಅವನ್ನು ತೆಗೆಯುವುದು ಅಪರಾಧ.

ಪ್ಲಾಟ್ ಅಳೆಯುವುದು

ಬಿಎಲ್‌ಎಂನ ಪ್ರಮಾಣಿತ ಪದ್ಧತಿಗೆ ಏಮ್ ಅನ್ನುತ್ತಾರೆ. ಪಶ್ಚಿಮದಲ್ಲೆಲ್ಲ ಒಂದೇ ರೀತಿ ಅಳೆದರೆ ಮಾತ್ರ ಐಡಹೋದ ಅಂಕಿಯನ್ನು ಯೂಟಾದ ಅಂಕಿಯ ಪಕ್ಕ ಇಟ್ಟು ನೋಡಬಹುದು. ಪ್ಲಾಟ್ ಎಲ್ಲಿ ಎಂಬುದನ್ನು ಕಂಪ್ಯೂಟರ್ ಆರಿಸಿ ಕೊಟ್ಟಿರುತ್ತದೆ. ಜಿಪಿಎಸ್ ಹಿಡಿದು ಅಲ್ಲಿಗೇ ಹೋಗಬೇಕು. ಪಕ್ಕದಲ್ಲಿ ಹುಲ್ಲು ಚೆನ್ನಾಗಿದೆ, ನೆರಳಿದೆ ಅಂತ ಜಾಗ ಬದಲಾಯಿಸಿದರೆ ಅಳತೆಗೆ ಅರ್ಥವೇ ಇಲ್ಲ.

ಮೊದಲು ಫೋಟೊ ತೆಗೆಯಿರಿ, ನೀವು ತುಳಿದು ಹಾಳು ಮಾಡುವ ಮುಂಚೆ. ಪ್ಲಾಟ್ ಹೆಸರು, ದಿನಾಂಕ, ದಿಕ್ಕು ಬರೆದ ಬೋರ್ಡು ಫೋಟೊದಲ್ಲಿ ಕಾಣಬೇಕು. ಒಬ್ಬರು ಮಣ್ಣಿನ ಗುಂಡಿ ತೋಡಲು ಶುರು ಮಾಡಲಿ. 70 ಸೆಂಟಿಮೀಟರ್ ಆಳ, ಗಟ್ಟಿ ನೆಲವಾದರೆ ಬೆವರಿಳಿಯುತ್ತದೆ. ಮಣ್ಣನ್ನು ಒದ್ದೆ ಮಾಡಿ ಬೆರಳಲ್ಲಿ ಉಜ್ಜಿ, ಪಟ್ಟಿ ಎಳೆದು ಜೇಡಿಯೋ ಮರಳೋ ಹೇಳಬೇಕು. ಊರಲ್ಲಿ ಹೊಲದ ಮಣ್ಣು ಹಿಡಿದು ನೋಡಿದವರಿಗೆ ಇದು ಬೇಗ ಕೈವಶವಾಗುತ್ತದೆ.

ಆಮೇಲೆ ಮಧ್ಯಬಿಂದುವಿನಿಂದ ಮೂರು ದಿಕ್ಕಿಗೆ, 0, 120, 240 ಡಿಗ್ರಿಗೆ ಟೇಪ್ ಎಳೆಯುತ್ತೀರಿ. ಮಧ್ಯದಲ್ಲಿ ನೀವೇ ಓಡಾಡಿ ತುಳಿದಿರುತ್ತೀರಲ್ಲ, ಅದಕ್ಕೆ ಅಳತೆ ಶುರುವಾಗುವುದು 5 ಮೀಟರ್ ಬಿಟ್ಟು. ಪ್ರತಿ ಸಾಲು 25 ಮೀಟರ್. ಟೇಪ್ ಬಿಗಿಯಾಗಿರಲಿ, ನೆಲಕ್ಕೆ ಹತ್ತಿರ ಇರಲಿ. ಪೊದೆ ಅಡ್ಡ ಬಂದರೆ ಸುತ್ತು ಹಾಕದೆ ಅದರ ಮಧ್ಯದಿಂದಲೇ ಹೋಗಲಿ. ಟೇಪಿನ ಒಂದೇ ಪಕ್ಕದಲ್ಲಿ ನಡೆಯಿರಿ.

ಅರ್ಧರ್ಧ ಮೀಟರಿಗೆ ಒಂದು ತೆಳ್ಳನೆಯ ಕಂಬಿಯನ್ನು ನೆಟ್ಟಗೆ ಕೆಳಗೆ ಬಿಡಬೇಕು. ಅದು ಮೇಲಿನಿಂದ ಕೆಳಗೆ ಯಾವ ಯಾವ ಗಿಡಕ್ಕೆ ತಾಗಿತು, ಕೊನೆಗೆ ನೆಲದಲ್ಲಿ ಏನಕ್ಕೆ ತಾಗಿತು ಎಂಬುದನ್ನು ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಟ್ಯಾಬ್ಲೆಟ್‌ನಲ್ಲಿ ತುಂಬುತ್ತಾರೆ. ಒಂದು ಕಂಬಿಗೆ ಒಂದೇ ಗಿಡ ಮೂರು ಸಲ ತಾಗಿದರೂ ಒಂದೇ ಸಲ ಬರೆಯುವುದು. ಸಾಲಿಗೆ 50 ಬಿಂದು, ಮೂರು ಸಾಲಿಗೆ 150. ಅದರಲ್ಲಿ 45 ಕಡೆ ಚೀಟ್‌ಗ್ರಾಸ್ ತಾಗಿದರೆ ಅದರ ಹೊದಿಕೆ ನೂರಕ್ಕೆ 30. ಲೆಕ್ಕ ಇಷ್ಟೇ. ಕಷ್ಟ ಇರುವುದು ಕೈಯಲ್ಲಿ. ಕಂಬಿ ಬೀಳುವ ಮುಂಚೆಯೇ ಕಣ್ಣು ಒಂದು ಹುಲ್ಲನ್ನು ಆರಿಸಿಬಿಡುತ್ತದೆ, ಕೈ ಅತ್ತ ವಾಲುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ, 120ನೇ ಬಿಂದುವಿನ ಹೊತ್ತಿಗೆ ಇದು ಜಾಸ್ತಿ. ಆಗ ಕೂಗುವವರು ಬರೆಯುವವರು ಅದಲುಬದಲಾಗಿ.

ಅದೇ ಟೇಪಿನ ಮೇಲೆ ಗಿಡಗಳ ನಡುವಿನ ಬಯಲನ್ನೂ ಅಳೆಯುತ್ತಾರೆ. 20 ಸೆಂಟಿಮೀಟರಿಗಿಂತ ದೊಡ್ಡ ಸಂದುಗಳನ್ನೆಲ್ಲ ಬರೆಯಬೇಕು. ನೂರಕ್ಕೆ ಮೂವತ್ತು ಹೊದಿಕೆ ಎಲ್ಲ ಕಡೆ ಸಮನಾಗಿ ಚದುರಿದ್ದರೆ ಗಾಳಿಗೆ ಮಣ್ಣು ಹಾರುವುದಿಲ್ಲ. ಅದೇ ಮೂವತ್ತು ಒಂದು ಮೂಲೆಯಲ್ಲಿ ಗುಂಪಾಗಿ, ಉಳಿದದ್ದು ಬೋಳಾಗಿದ್ದರೆ ಹಾರುತ್ತದೆ. ಹೊದಿಕೆಯ ಅಂಕಿ ಒಂದರಿಂದಲೇ ಇದು ತಿಳಿಯುವುದಿಲ್ಲ.

ಇನ್ನು ಮಣ್ಣಿನ ಹೆಂಟೆಯ ಪರೀಕ್ಷೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ, ಯಾಕೆಂದರೆ ಕಣ್ಣೆದುರೇ ಉತ್ತರ ಸಿಗುತ್ತದೆ. ಮೇಲ್ಮಣ್ಣಿನಿಂದ ಕಾಳಿನ ಗಾತ್ರದ 18 ಒಣ ಹೆಂಟೆ ತೆಗೆದು, ಸಣ್ಣ ಜರಡಿಗಳಲ್ಲಿಟ್ಟು ನೀರಿಗೆ ಇಳಿಸುತ್ತಾರೆ. ಐದು ಸೆಕೆಂಡಿನಲ್ಲೇ ಅರ್ಧ ಕರಗಿದರೆ 1 ಅಂಕ. ಐದು ನಿಮಿಷ ನೆನೆದು, ಐದು ಸಲ ಮುಳುಗಿಸಿ ಎತ್ತಿದರೂ ಮುಕ್ಕಾಲು ಪಾಲು ಉಳಿದರೆ 6. ಹೆಂಟೆ ಗಿಡದ ಕೆಳಗಿನದೋ ಬಯಲಿನದೋ ಎಂದು ಬರೆಯುವುದನ್ನು ಮರೆಯಬೇಡಿ. ಮಳೆ ಬಂದ ಮರುದಿನ ಈ ಪರೀಕ್ಷೆ ಮಾಡಬೇಡಿ.

ಹುಲ್ಲು ಕತ್ತರಿಸಿ ತೂಗುವುದು

ಎಷ್ಟು ದನ ಬಿಡಬಹುದು ಎಂಬ ಪ್ರಶ್ನೆಗೆ ಪ್ಲಾಟ್ ಅಳತೆ ಉತ್ತರ ಕೊಡುವುದಿಲ್ಲ. ಅದಕ್ಕೆ ತೂಕ ಬೇಕು. ಸುಮಾರು 11 ಅಡಿ ಕೇಬಲ್ ಬಾಗಿಸಿ ಬಳೆ ಮಾಡಿದರೆ ಒಳಗಿನ ಜಾಗ 9.6 ಚದರ ಅಡಿ. ಈ ವಿಚಿತ್ರ ಅಳತೆ ಯಾಕೆ ಗೊತ್ತಾ? ಇದರೊಳಗಿನ ಹುಲ್ಲಿನ ತೂಕ ಎಷ್ಟು ಗ್ರಾಮೋ ಅದನ್ನು ಹತ್ತರಿಂದ ಗುಣಿಸಿದರೆ ಎಕರೆಗೆ ಅಷ್ಟು ಪೌಂಡ್. ಬಿಸಿಲಲ್ಲಿ ನಿಂತವರಿಗೆ ಭಾಗಾಕಾರದ ತಲೆನೋವು ಇಲ್ಲ.

ಬಳೆ ಬಿದ್ದ ಕಡೆ ಈ ವರ್ಷ ಬೆಳೆದ ಹುಲ್ಲನ್ನು ಮಾತ್ರ ನೆಲಮಟ್ಟಕ್ಕೆ ಕತ್ತರಿಸಿ. ಹೋದ ವರ್ಷದ ಬೂದು ಕಡ್ಡಿಯನ್ನು ಆರಿಸಿ ತೆಗೆಯಿರಿ. ಜಾತಿಗೊಂದು ಕಾಗದದ ಚೀಲ. ಪ್ಲಾಸ್ಟಿಕ್ ಬೇಡ, ಬೂಷ್ಟು ಹಿಡಿಯುತ್ತದೆ. ಚೀಲದ ಮೇಲೆ ಜಾಗ, ದಿನಾಂಕ, ಸಂಕೇತ. ಒಣಗಿದ ಮೇಲೆ ಖಾಲಿ ಚೀಲದ ತೂಕ ಕಳೆದು ತೂಗಿ.

ಒಂದು ಉದಾಹರಣೆ. ಹತ್ತು ಬಳೆಗಳ ಸರಾಸರಿ 60 ಗ್ರಾಂ ಬಂತು ಅನ್ನಿ. ಅಂದರೆ ಎಕರೆಗೆ 600 ಪೌಂಡ್. ಇದೆಲ್ಲವೂ ದನದ ಬಾಯಿಗೆ ಅಲ್ಲ. ಅರ್ಧ ನೆಲಕ್ಕೇ ಬಿಡಬೇಕು. ಉಳಿದ ಅರ್ಧದಲ್ಲಿ ತುಳಿದದ್ದು, ಹುಳು ತಿಂದದ್ದು, ಜಿಂಕೆ ತಿಂದದ್ದು ಹೋಗಿ ದನಕ್ಕೆ ಸಿಗುವುದು ಒಟ್ಟು ಬೆಳೆಯ ಕಾಲು ಭಾಗ ಎಂದು ಹಿಡಿಯೋಣ. 150 ಪೌಂಡ್ ಆಯಿತು. ಒಂದು ಎಯುಎಂಗೆ ಸುಮಾರು 800 ಪೌಂಡ್ ಒಣಮೇವು. 800ನ್ನು 150ರಿಂದ ಭಾಗಿಸಿದರೆ 5.3 ಎಕರೆ. ಹಾಗಾದರೆ 1,000 ಎಕರೆಯಲ್ಲಿ ಸುಮಾರು 187 ಎಯುಎಂ, ಮೂರು ತಿಂಗಳಿಗೆ 62 ಹಸು. ಆದರೆ ಇದೂ ಕಾಗದದ ಲೆಕ್ಕ. ನೀರಿನಿಂದ ಎರಡು ಮೈಲಿಗಿಂತ ದೂರದ ಹುಲ್ಲನ್ನು, ತೀರಾ ಕಡಿದಾದ ಇಳಿಜಾರಿನದನ್ನು ಲೆಕ್ಕದಿಂದ ಬಿಡುವುದು ವಾಡಿಕೆ. ಹಸು ಅಲ್ಲಿಗೆ ಹೋಗುವುದಿಲ್ಲ. ನಕ್ಷೆಯಲ್ಲಿ ತೊಟ್ಟಿಗಳು ಎಲ್ಲಿವೆ ನೋಡದೆ ಎಕರೆ ಹಿಡಿಯಬೇಡಿ. ನಿಮ್ಮ ಕಚೇರಿ ಎಯುಎಂಗೆ ಎಷ್ಟು ಪೌಂಡ್ ಹಿಡಿಯುತ್ತದೆ ಎಂಬುದನ್ನೂ ಕೇಳಿಕೊಳ್ಳಿ.

ಎಷ್ಟು ತಿಂದವು?

ದನ ಬಿಡುವ ಮುಂಚೆ ಕೆಲವು ಕಡೆ ತಂತಿಯ ಪಂಜರ ಕವುಚಿ ಇಡುತ್ತಾರೆ. ದನ ಹೋದ ಮೇಲೆ ಪಂಜರದೊಳಗಿನ ಹುಲ್ಲಿಗೂ ಹೊರಗಿನದಕ್ಕೂ ಇರುವ ವ್ಯತ್ಯಾಸವೇ ತಿಂದದ್ದು. ಹಳ್ಳದ ದಂಡೆಗಳಲ್ಲಿ ಇದಕ್ಕಿಂತ ಸುಲಭವಾದ ಅಳತೆ ಇದೆ. ಉಳಿದ ಹುಲ್ಲಿನ ಎತ್ತರವನ್ನು ಸ್ಕೇಲ್ ಇಟ್ಟು ನೋಡುವುದು. ಪರ್ಮಿಟ್‌ನಲ್ಲಿ ನಾಲ್ಕು ಇಂಚು ಉಳಿಯಬೇಕು ಎಂದಿದ್ದರೆ ಸರಾಸರಿ ಅದಕ್ಕಿಂತ ಇಳಿಯುವ ಮುಂಚೆ ದನವನ್ನು ಸಾಗಿಸಬೇಕು.

ಇಲ್ಲಿ ಕಣ್ಣು ಮೋಸ ಮಾಡುತ್ತದೆ. ಹುಲ್ಲಿನ ತೂಕವೆಲ್ಲ ಬುಡದಲ್ಲಿರುತ್ತದೆ. ಎತ್ತರದಲ್ಲಿ ಅರ್ಧ ಹೋಗಿದೆ ಎಂದು ಕಂಡರೂ ತೂಕದಲ್ಲಿ ಅರ್ಧಕ್ಕಿಂತ ಬಹಳ ಕಡಿಮೆ ಹೋಗಿರುತ್ತದೆ. ಹಾಗೆಂದು ಗೊತ್ತಿಲ್ಲದ ಹೊಸಬರು ಮೇವು ಮುಗಿದೇ ಹೋಯಿತು ಎಂದು ವರದಿ ಬರೆದು ರ‍್ಯಾಂಚರ್ ಜೊತೆ ಸುಮ್ನೆ ಜಗಳ ತಂದುಕೊಳ್ಳುತ್ತಾರೆ. ಮೊದಲ ವಾರ ಒಂದೊಂದು ಬುಡದ ಹುಲ್ಲನ್ನು ಕತ್ತರಿಸಿ, ತೂಗಿ, ನಿಮ್ಮ ಅಂದಾಜಿನ ಜೊತೆ ಹೋಲಿಸಿ ಕಣ್ಣನ್ನು ಪಳಗಿಸಿ.

ಬೇಲಿ ಮತ್ತು ತೊಟ್ಟಿ

ಮಳೆ ಬಂದ ದಿನ, ಬೆಂಕಿ ಎಚ್ಚರಿಕೆಯ ದಿನ ಪ್ಲಾಟ್ ಕೆಲಸ ಇಲ್ಲದಿದ್ದರೆ ಬೇಲಿ ಕೆಲಸ ಇದ್ದೇ ಇರುತ್ತದೆ. ಮುಳ್ಳುತಂತಿ ಬಿಗಿಯುವಾಗ ತೊಗಲಿನ ಕೈಗವಸು, ಕನ್ನಡಕ ಎರಡೂ ಇರಲಿ. ತಂತಿ ತುಂಡಾದರೆ ಚಾವಟಿಯಂತೆ ಬೀಸುತ್ತದೆ. ಕೆಳಗಿನ ತಂತಿ ಮುಳ್ಳಿಲ್ಲದ್ದು, ನೆಲದಿಂದ 16 ಇಂಚು ಮೇಲೆ. ಪ್ರಾಂಗ್‌ಹಾರ್ನ್ ಎಂಬ ಅಲ್ಲಿನ ಪ್ರಾಣಿ ಅಷ್ಟು ವೇಗವಾಗಿ ಓಡಿದರೂ ಬೇಲಿ ಹಾರುವುದು ಅಪರೂಪ, ಕೆಳಗೆ ನುಸುಳುತ್ತದೆ. ತೊಟ್ಟಿ ನೋಡಲು ಹೋದಾಗ ಹಕ್ಕಿ, ಇಲಿ ಹತ್ತಿ ಬರುವ ಇಳಿಜಾರು ತಗಡು ಜಾಗದಲ್ಲಿದೆಯಾ ನೋಡಿ. ಇಲ್ಲದಿದ್ದರೆ ಅವು ಮುಳುಗಿ ಸತ್ತು ನೀರು ಕೆಡುತ್ತದೆ. ಹೊಸ ಗೂಟ ನೆಡಲು ಗುಂಡಿ ತೋಡುವ ಮುಂಚೆ ಪುರಾತತ್ವದವರ ಒಪ್ಪಿಗೆ ಬಂದಿದೆಯಾ ಕೇಳಿ. ಗೇಟ್ ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ ಬನ್ನಿ.

ರ‍್ಯಾಂಚರ್ ಎದುರಾದಾಗ

ಗಾಡಿ ನಿಲ್ಲಿಸಿ, ಇಳಿದು, ಹೆಸರು ಹೇಳಿ, ಏನು ಅಳೆಯುತ್ತಿದ್ದೀರಿ ಎಂದು ತೋರಿಸಿ. ಟೇಪ್ ಹಿಡಿದು ಜೊತೆಗೆ ನಡೆಯಲು ಕರೆಯಿರಿ. ಅವರ ಅಜ್ಜ ಇದೇ ಬಯಲಲ್ಲಿ ದನ ಮೇಯಿಸಿರುತ್ತಾರೆ. ಯಾವ ಬುಗ್ಗೆ ಯಾವ ವರ್ಷ ಬತ್ತಿತು, ಬೆಂಕಿ ಎಲ್ಲಿಗೆ ಬಂದು ನಿಂತಿತು ಎಂಬುದು ನಿಮ್ಮ ಫೈಲಿನಲ್ಲಿ ಇರುವುದಿಲ್ಲ, ಅವರಿಗೆ ಗೊತ್ತಿರುತ್ತದೆ. ಕೇಳಿ ಬರೆದುಕೊಳ್ಳಿ. ಆದರೆ "ಈ ಸಲ ದನ ಕಡಿಮೆ ಮಾಡ್ತೀರಾ?" ಎಂದು ಕೇಳಿದರೆ ನಿಮ್ಮ ಉತ್ತರ ಒಂದೇ. ನಾನು ಅಳೆಯುವವನು, ನಿರ್ಧಾರ ಮೇಲಧಿಕಾರಿಗಳದು, ಸ್ಪೆಷಲಿಸ್ಟ್ ಫೋನ್ ನಂಬರ್ ಇದು.

ಇರಬಾರದ ಕಡೆ ದನ ಕಂಡರೆ ಎಣಿಸಿ, ಕಿವಿಯ ಟ್ಯಾಗಿನ ಬಣ್ಣ, ಮೈಮೇಲಿನ ಮುದ್ರೆ, ಜಾಗ, ಸಮಯ ಬರೆದು ಫೋಟೊ ತೆಗೆದು ಕಚೇರಿಗೆ ತಿಳಿಸಿ. ಓಡಿಸಲು ಹೋಗಬೇಡಿ, ಮಾಲೀಕರಿಗೆ ಬುದ್ಧಿ ಹೇಳಲೂ ಬೇಡಿ. 2014ರ ಏಪ್ರಿಲ್‌ನಲ್ಲಿ ನೆವಾಡಾದ ಬಂಕರ್‌ವಿಲ್ ಹತ್ತಿರ, ಎರಡು ದಶಕ ಮೇವಿನ ಶುಲ್ಕ ಕಟ್ಟದವರ ದನ ಹಿಡಿಯಲು ಹೋದಾಗ ಬಂದೂಕು ಹಿಡಿದ ಜನ ಎದುರು ನಿಂತರು. ಬಿಎಲ್‌ಎಂ ಹಿಡಿದ ದನ ಬಿಟ್ಟು ಹಿಂದೆ ಸರಿಯಬೇಕಾಯಿತು. ಅಂಥದ್ದನ್ನು ನೋಡಿಕೊಳ್ಳಲು ಇಲಾಖೆಯಲ್ಲಿ ಬೇರೆ ಅಧಿಕಾರಿಗಳಿದ್ದಾರೆ.

ಕಚೇರಿಯ ಕೆಲಸ, ಮುಂದಿನ ಮೆಟ್ಟಿಲು

ಅಳತೆಯನ್ನು ಅದೇ ದಿನ ಸಂಜೆ ತಾಳೆ ನೋಡಿ. ಬಿಂದುಗಳು 150 ಇವೆಯಾ, ಫೋಟೊ ಹೆಸರು ಸರಿ ಇದೆಯಾ, ಗೊತ್ತಿಲ್ಲದ ಗಿಡದ ಮಾದರಿ ಇದೆಯಾ. ವಾರ ಬಿಟ್ಟರೆ ಎರಡು ಪ್ಲಾಟ್‌ಗಳ ನೆನಪು ಕಲಸಿಹೋಗುತ್ತದೆ. ನಿಮ್ಮ ಅಂಕಿಗಳು ಪರ್ಮಿಟ್ ನವೀಕರಣಕ್ಕೆ, ಕೆಲವೊಮ್ಮೆ ಕೋರ್ಟಿಗೂ ಹೋಗುತ್ತವೆ. ತಪ್ಪಿದ್ದನ್ನು ತಿದ್ದುವಾಗ ಹಳೆಯದನ್ನು ಅಳಿಸಬೇಡಿ. ಯಾಕೆ ತಿದ್ದಿದಿರಿ ಎಂದು ಪಕ್ಕದಲ್ಲಿ ಬರೆದು ಸಹಿ ಮಾಡಿ. ರ‍್ಯಾಂಚರ್‌ಗಳು ಮೇಯಿಸುವುದು ಮುಗಿದ 15 ದಿನದೊಳಗೆ ನಿಜವಾಗಿ ಎಷ್ಟು ದನ ಎಷ್ಟು ದಿನ ಇದ್ದವು ಎಂಬ ವರದಿ ಕೊಡುವುದು ಬಿಎಲ್‌ಎಂ ಪರ್ಮಿಟ್‌ಗಳಲ್ಲಿ ಸಾಮಾನ್ಯ ಷರತ್ತು. ಅದನ್ನು ನಿಮ್ಮ ಅಳತೆಯ ಪಕ್ಕ ಇಟ್ಟು ನೋಡುವುದನ್ನು ಕಲಿಯಿರಿ. ಹುಲ್ಲು ಕಡಿಮೆ ಉಳಿದದ್ದು ದನ ಜಾಸ್ತಿಯಾಗಿಯೋ ಮಳೆ ಕಡಿಮೆಯಾಗಿಯೋ ಎಂಬುದು ಆಗಲೇ ತಿಳಿಯುವುದು.

ಮುಂದೆ 0454 ಸ್ಪೆಷಲಿಸ್ಟ್ ಆಗುವ ಆಸೆ ಇದ್ದರೆ ಬರೀ ಅನುಭವ ಸಾಲದು, ಓದಿನ ಲೆಕ್ಕ ಬಿಗಿಯಾಗಿದೆ. ಒಟ್ಟು 42 ಸೆಮಿಸ್ಟರ್ ಕ್ರೆಡಿಟ್ ಬೇಕು. ಅದರಲ್ಲಿ ರೇಂಜ್ ವಿಷಯದಲ್ಲೇ 18, ಸಸ್ಯ, ಪ್ರಾಣಿ, ಮಣ್ಣು ಈ ಮೂರೂ ಬರುವ ಹಾಗೆ 15, ಸಂಪನ್ಮೂಲ ನಿರ್ವಹಣೆಯಲ್ಲಿ 9. ನಮ್ಮ ಬಿಎಸ್ಸಿ ಕೃಷಿ ಓದಿದವರಿಗೆ ಆ 15 ಬಹುಮಟ್ಟಿಗೆ ಇರುತ್ತದೆ. ಸಿಕ್ಕಿಹಾಕಿಕೊಳ್ಳುವುದು ರೇಂಜ್‌ನ 18ರಲ್ಲಿ. ಮಾಸ್ಟರ್ಸ್‌ಗೆ ಸೇರುವಾಗಲೇ ಈ ಪಟ್ಟಿಯನ್ನು ಗೈಡ್ ಮುಂದಿಟ್ಟು, ಯಾವ ಕೋರ್ಸ್ ಯಾವ ಸಾಲಿಗೆ ಬರುತ್ತದೆ ಎಂದು ಗುರುತು ಹಾಕಿಸಿಕೊಳ್ಳಿ. ಕೋರ್ಸಿನ ವಿವರ ಪತ್ರಗಳನ್ನೂ ಎತ್ತಿಟ್ಟುಕೊಳ್ಳಿ. ಹೆಸರಿನಲ್ಲಿ ರೇಂಜ್ ಎಂಬ ಮಾತಿಲ್ಲದ ಕೋರ್ಸ್ ಆದರೆ ಒಳಗೆ ಏನು ಕಲಿಸಿದರು ಎಂದು ನೇಮಕಾತಿಯವರು ಕೇಳುವುದುಂಟು.